ತುಕ್ಕುರೋಗ, ನೀರುಕಾಗೆ ಮತ್ತು ಹಿಂದಿನ ಕೋಣೆ

ಅಕ್ಕನ ಮನೆಯ ಹಿಂದಿನ ಕೋಣೆಗೆ ನಾನು ಎರಡು ವಾರದ ಮಟ್ಟಿಗೆಂದು ಬಂದವಳು. ಆಗಲೇ ಐದು ತಿಂಗಳಾಗಿತ್ತು. ಹೊಸ ಶಾಲೆಗೆ ವರ್ಗವಾಗಿತ್ತು, ಬೇರೆ ಮನೆ ಸಿಕ್ಕಿರಲಿಲ್ಲ. ನಿಜ ಹೇಳಬೇಕೆಂದರೆ ಹುಡುಕಿಯೂ ಇರಲಿಲ್ಲ. ಆ ಕಿಟಕಿಯ ಬಿಸಿಲು ಅಷ್ಟು ಚೆನ್ನಾಗಿತ್ತು.

ಅದೇ ಬಿಸಿಲಿನ ಮೇಲೆ ಇನ್ನಿಬ್ಬರ ಕಣ್ಣಿತ್ತು. ಸಸ್ಯರೋಗದ ಪ್ರಯೋಗಾಲಯದಲ್ಲಿ ದುಡಿಯುವ ಅಕ್ಕನಿಗೆ ತನ್ನ ಬೀನ್ಸ್ ಕುಂಡಗಳನ್ನು ಅಲ್ಲಿಡಬೇಕು. ಅವುಗಳ ಎಲೆಗೆಲ್ಲ ತುಕ್ಕುರೋಗ. ಕಂದು ಪುಡಿ ಕಾರುವ ಆ ಶಿಲೀಂಧ್ರ ಅವಳ ಕಣ್ಮಣಿ. ಹಕ್ಕಿ ಹುಚ್ಚಿನ ಭಾವನಿಗೆ, ಹೊಟ್ಟೆಗೆ ಹುಲ್ಲು ತುಂಬಿ ರೆಕ್ಕೆ ಚಾಚಿ ನಿಲ್ಲಿಸಿದ ನೀರುಕಾಗೆಯನ್ನು ಅಲ್ಲಿಡಬೇಕು. ಹಾಲ್‌ನಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತಿದೆಯಂತೆ.

"ನೀನು ಟೀಚರ್ ತಾನೆ? ಎರಡನ್ನೂ ಹೋಲಿಸಿ ಮಾರ್ಕ್ಸ್ ಹಾಕು. ಗೆದ್ದೋರಿಗೆ ಕೋಣೆ," ಎಂದಳು ಅಕ್ಕ.

ಯಾವುದು ಗೆದ್ದರೂ ಗಂಟುಮೂಟೆ ಕಟ್ಟಬೇಕಾದವಳು ನಾನು!

ಫ್ರಿಜ್ ಬಾಗಿಲಿಗೆ 'ವ್ಯತ್ಯಾಸ ತಿಳಿಸಿ' ಎಂದು ಪಟ್ಟಿ ಅಂಟಿಸಿದೆ. ದಿನಕ್ಕೊಂದೇ ಪ್ರಶ್ನೆ, ಯಾರೂ ಗೆಲ್ಲದಂತೆ ಅಂಕ ಹೇಗಾದರೂ ಸಮ. ಗಾಳಿಯಲ್ಲಿ ದೂರ ಹೋಗುತ್ತದೆಯೇ? ಎರಡೂ ಹೋಗುತ್ತವೆ, ಹತ್ತು ಹತ್ತು. ಕೂತ ಗಿಡವನ್ನು ಹಾಳು ಮಾಡುತ್ತದೆಯೇ? ತುಕ್ಕು ಎಲೆ ಒಣಗಿಸುತ್ತದೆ, ನೀರುಕಾಗೆ ಹಿಕ್ಕೆ ಹಾಕಿಯೇ ಮರ ಸಾಯಿಸುತ್ತದೆ, ಹತ್ತು ಹತ್ತು.

"ಹಿಕ್ಕೆಗೂ ಮಾರ್ಕ್ಸಾ?" ಅಕ್ಕ ಸಿಡುಕಿದಳು.

"ನಿನ್ನ ಪುಡಿಗೆ ಕೊಟ್ಟಿಲ್ವಾ?" ಭಾವ ಬಿಡಲಿಲ್ಲ.

ಹದಿನೇಳನೆಯ ದಿನ ನನ್ನ ಬತ್ತಳಿಕೆ ಖಾಲಿ. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಬರೆದುಬಿಟ್ಟೆ: 'ಇನ್ನೊಬ್ಬರ ಮನೆಯಲ್ಲಿ ನೆಲೆಯೂರಿ, ಅಲ್ಲೇ ತಿಂದುಂಡು, ಜಾಗ ಬಿಟ್ಟು ಕದಲದಿರುವುದು ಯಾವುದು?'

ಸಂಜೆ ಬಂದಾಗ ಗಂಡ ಹೆಂಡತಿ ಜಗಳವಾಡದೆ ಫ್ರಿಜ್ ಮುಂದೆ ನಿಂತಿದ್ದರು. ಈ ಸಲ ಅಂಕ ಅವರೇ ಹಾಕಿದ್ದರು. ನೀರುಕಾಗೆ ತನ್ನ ಗೂಡು ತಾನೇ ಕಟ್ಟಿಕೊಳ್ಳುತ್ತದೆ, ಅದಕ್ಕೆ ಸೊನ್ನೆ. ತುಕ್ಕಿಗೆ ಐದು. ಪಕ್ಕದಲ್ಲಿ ಹೊಸದಾಗಿ ಮೂರನೆಯ ಕಾಲಂ: 'ತಂಗಿ'. ಮೇಲಿಂದ ಕೆಳಗಿನವರೆಗೆ ಹತ್ತಕ್ಕೆ ಹತ್ತು.

"ತುಕ್ಕಾದ್ರೂ ಎಲೆ ಉದುರಿದ್ಮೇಲೆ ಜಾಗ ಖಾಲಿ ಮಾಡುತ್ತೆ ಕಣೇ," ಎಂದಳು ಅಕ್ಕ.

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಅಳು ಬಂತು. ಕೋಣೆಗೆ ಹೋಗಿ ಸೂಟ್‌ಕೇಸ್ ಎಳೆದು ಬಟ್ಟೆ ತುಂಬತೊಡಗಿದೆ.

"ಎಲ್ಲಿಗೆ ಹೊರಟೆ?" ಅಕ್ಕ ಬಾಗಿಲಲ್ಲಿ ನಿಂತು ಗದರಿದಳು. "ಗೆದ್ದೋರಿಗೆ ಕೋಣೆ ಅಂತ ಅವತ್ತೇ ಹೇಳಿಲ್ವಾ?"

ಅವಳ ಹಿಂದೆ ಭಾವ, ಮುಖ ಊದಿಸಿಕೊಂಡು, ನೀರುಕಾಗೆಯನ್ನು ಬಚ್ಚಲಿನ ಕಿಟಕಿಯತ್ತ ಹೊತ್ತೊಯ್ಯುತ್ತಿದ್ದರು.