ಬೀರಣ್ಣ ಹೊಡೆದ ಎರಡು ಬಿಳಿ

"ಎರಡೂ ಒಂದೇ ನಮೂನಿ ಕಾಣತಾವಲ್ರಿ ಬಾಯಾರ," ಎಂದು ಸುಣ್ಣ ಹೊಡೆಯುವ ಬೀರಣ್ಣ ಕುಂಚವನ್ನು ಬಕೀಟಿನ ಅಂಚಿಗೆ ಒರೆಸಿದ.

ಸೊಲ್ಲಾಪುರದ ಅಡತಿ ವ್ಯಾಪಾರಿ ರಾಚಪ್ಪನ ಪಡಸಾಲೆಯ ಗೋಡೆಯ ಮೇಲೆ ಮೊಳದಗಲದ ಎರಡು ಪಟ್ಟಿಗಳು ಒಣಗುತ್ತಿದ್ದವು. ಒಂದರ ಸುಣ್ಣಕ್ಕೆ ತುಸು ಬೂದಿ ಬೆರೆಸಿತ್ತು, ಇನ್ನೊಂದಕ್ಕೆ ತುಸು ಹಳದಿ ಮಣ್ಣು. ರಾಚಪ್ಪನ ಹೆಂಡತಿ ಪಾರ್ವತಿಬಾಯಿ ಬೆಳಿಗ್ಗೆ ಗಿರಣಿಯ ಭೋಂಗಾ ಕೂಗಿದಾಗಿನಿಂದ ಅವುಗಳ ಮುಂದೆಯೇ ನಿಂತಿದ್ದಳು.

"ನೀಲಗಂಗಾ, ಇಲ್ಲಿ ಬಾ. ಸೆರಗ ಸರಸು."

ಮಗಳು ಬಂದು ಮೊದಲು ಬೂದಿ ಬಿಳಿಯ ಮುಂದೆ, ಆಮೇಲೆ ಹಳದಿ ಬಿಳಿಯ ಮುಂದೆ ನಿಂತಳು. ಕಿವಿಯ ಕೆಳಗೆ ಕೊರಳಿನ ತೊಗಲು ರೂಪಾಯಿಯಗಲ ಬೆಳ್ಳಗಾಗಿತ್ತು. ತೊನ್ನು ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಬರೀ ಕಲೆ ಎಂಬಂತೆ ಡಾಗು ಎನ್ನುತ್ತಿದ್ದರು, ಅದೂ ಪಿಸುಮಾತಿನಲ್ಲಿ. ಅದರಿಂದಲೇ ಎರಡು ಸಂಬಂಧ ತಪ್ಪಿದ್ದವು. ನಾಳೆ ಅಕ್ಕಲಕೋಟೆಯವರು ಹೆಣ್ಣು ನೋಡಲು ಬರುವವರಿದ್ದರು. ಗೋಡೆಗೆ ತಕ್ಕ ಬಣ್ಣ ಬಿದ್ದರೆ ಮಗಳ ಕೊರಳು ನೋಡುವವರ ಕಣ್ಣು ತಪ್ಪಿಸೀತೆಂದು ಪಾರ್ವತಿಬಾಯಿ ನಂಬಿದ್ದಳು. ನಗುವಂಥ ಮಾತೇ ಹೌದು. ಆದರೆ ಬೇರೆ ಉಪಾಯವೇ ಉಳಿಯದ ತಾಯಿಯನ್ನು ಕಂಡು ಯಾರಿಗೆ ನಗು ಬಂದೀತು?

"ಹಳದೀದಽ ಹೊಡಿ."

"ಬೂದೀದು ಹಳದೀದರ ಕೆಳಗಿಂದ ಕಾಣತದ್ರಿ. ನಾಡಿದ್ದ ಇನ್ನೊಂದ ಕೈ ಹೊಡೀಬೇಕಾಗ್ತದ."

"ನಾಳೆ ಬರಾಕತ್ತಾರ ಮಾರಾಯ. ಇವತ್ತ ಒಂದ ಕೈ ಮುಗಿಸು."

ಮರುದಿನ ವರನ ಸೋದರತ್ತೆ ತುಳಜಾಬಾಯಿ ಬಂದು ಚಾಪೆಯ ಮೇಲೆ ಕೂತಳು. ಎದುರಿಗೆ, ಗೋಡೆಗೆ ಬೆನ್ನು ಮಾಡಿ, ನೀಲಗಂಗಾ ಸೆರಗನ್ನು ಬಿಗಿಯಾಗಿ ಹೊದ್ದು ಕೂತಿದ್ದಳು. ಹೆಸರು ಕೇಳಿದ್ದಾಯಿತು, ಹಾಡು ಹೇಳಿಸಿದ್ದಾಯಿತು. ತುಳಜಾಬಾಯಿಗೆ ಹುಡುಗಿ ಮನಸ್ಸಿಗೆ ಬಂದಂತಿತ್ತು. ಚಹಾ ತಂದಿಟ್ಟ ಪಾರ್ವತಿಬಾಯಿಯ ಎದೆ ಎಷ್ಟೋ ದಿನಗಳ ಮೇಲೆ ಹಗುರಾಗಿತ್ತು.

"ಈ ಡಾಗು ಯಾವಾಗಿಂದ್ರೀ?" ಎಂದು ತುಳಜಾಬಾಯಿ ಬೆರಳೆತ್ತಿದಳು.

ಪಾರ್ವತಿಬಾಯಿ ಮಗಳ ಹತ್ತಿರ ಸರಿದಳು. "ಎರಡ ವರ್ಷ ಆತ್ರೀ ಅಕ್ಕಾರ. ಬೆಳದಿಲ್ರಿ, ಆಣಿ ಮಾಡಿ ಹೇಳ್ತೀನಿ. ವೈದ್ಯರ ಔಷಧ ನಡದದ. ಸೆರಗ ಹೊಚ್ಚಿಕೊಂಡ್ರ ಕೊರಳಾಗ ಏನೂ ಕಾಣೂದಿಲ್ರಿ..."

ತುಳಜಾಬಾಯಿಯ ಬೆರಳು ಹಾಗೇ ನಿಂತಿತು. ಅದು ಹುಡುಗಿಯ ತಲೆಯ ಮೇಲೆ, ಹಳದಿ ಸುಣ್ಣದಡಿಯಿಂದ ಇಣುಕುತ್ತಿದ್ದ ಬೂದಿ ಪಟ್ಟಿಯ ಕಡೆಗಿತ್ತು.

"ನಾ ಗ್ವಾಡೀದ ಕೇಳಿದ್ನಿರಿ," ಎಂದಳು ಮೆಲ್ಲಗೆ. ಆಮೇಲೆ ಅವಳ ಕಣ್ಣು ನೀಲಗಂಗಾಳ ಕೊರಳಿಗೆ ಇಳಿಯಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಅತ್ತು ಕರೆದು ಕಾಲಿಗಾದರೂ ಬೀಳಬಹುದಿತ್ತು. "ಗಾಡಿ ತಪ್ಪತದ," ಎಂದು ತುಳಜಾಬಾಯಿ ಎದ್ದಳು. ಗಾಡಿಗೆ ಇನ್ನೂ ಎರಡು ತಾಸಿತ್ತು. ಅವಳ ಚಹಾದ ಮೇಲೆ ಕೆನೆ ಕಟ್ಟಿತ್ತು.

ಮೂರನೆಯ ದಿನ ಬೀರಣ್ಣ ಬಕೀಟು ಹಿಡಿದು ಬಂದ. "ಇನ್ನೊಂದ ಕೈ ಹೊಡೀಲೇನ್ರಿ?"

ಪಾರ್ವತಿಬಾಯಿ ಕಂಬಕ್ಕೆ ಒರಗಿ ಕೂತಿದ್ದಳು. ಅಕ್ಕಿ ಆರಿಸುತ್ತಿದ್ದ ನೀಲಗಂಗಾಳೇ ತಲೆಯೆತ್ತಿದಳು. ಸೆರಗು ಹೆಗಲಿನಿಂದ ಜಾರಿತ್ತು, ಅದನ್ನು ಅವಳು ಸರಿಪಡಿಸಿಕೊಳ್ಳಲಿಲ್ಲ.

"ಬ್ಯಾಡ ಬೀರಣ್ಣ, ಇರ್ಲಿ. ಈಗ ಯಾರ ನೋಡೋರದಾರ?"

ಅವಳು ಮತ್ತೆ ಮೊರದ ಮೇಲೆ ಬಾಗಿದಳು. ಪೂರ್ತಿ ಒಣಗಿದ ಗೋಡೆಯ ಮೇಲೆ ಬೂದಿಯ ಪಟ್ಟಿ ಈಗ ಇನ್ನಷ್ಟು ಚೆನ್ನಾಗಿ ಕಾಣುತ್ತಿತ್ತು.