ಕುರ್ಚಿಯ ಮೇಲೆ ಐದು ನಿಮಿಷ

ನಮ್ಮ ದ್ವೀಪದ ಸುತ್ತಲಿನ ಸಮುದ್ರದ ತಳದಲ್ಲಿ ಒಂದು ಮುದಿ ಆಮೆ ಮಲಗಿದೆ, ಅದು ಉಸಿರೆಳೆದರೆ ಇಳಿತ, ಬಿಟ್ಟರೆ ಭರತ ಎಂದು ನನ್ನ ಅಜ್ಜಿ ಫುವಾತಿನೊ ಹೇಳುತ್ತಿದ್ದಳು. ಮೈಯೊಳಗಿನ ರಕ್ತಕ್ಕೂ ಅಂಥದೇ ಏರಿಳಿತವಿದೆ ಎಂದರೆ ಮಾತ್ರ ನಂಬುತ್ತಿರಲಿಲ್ಲ.

ಅವಳಿಗೆ ರಕ್ತದೊತ್ತಡ. ಎರಡು ತಿಂಗಳಿಂದ ದಿನಕ್ಕೊಂದು ಮಾತ್ರೆ. ಮನೆಯಲ್ಲೇ ಅಳೆದುಕೊಳ್ಳಲಿ ಎಂದು ನರ್ಸ್ ಲಗಿಮಾಯಿ ನಮ್ಮ ಮಹಿಳಾ ಸಂಘದ ಬಿಪಿ ಯಂತ್ರವನ್ನು ಒಂದು ವಾರಕ್ಕೆ ಕೊಟ್ಟಿದ್ದಳು. ನಾಲ್ಕನೇ ದಿನ ವಿಚಾರಿಸಲು ಬಂದರೆ, ಚಾಪೆ ಹೆಣೆಯುತ್ತಿದ್ದ ಅಜ್ಜಿ ಮಾತ್ರೆ ಡಬ್ಬಿಯನ್ನೇ ಅವಳ ಮುಂದೆ ತಳ್ಳಿದಳು.

"ತಗೊಂಡ್ ಹೋಗು ತಾಯಿ. ಮಾತ್ರೆ ನುಂಗಿದ್ರೂ ಮೇಲಿನ ಅಂಕಿ ನೂರಾ ಅರವತ್ತೆರಡು, ನೂರಾ ಅರವತ್ತಾರು. ಇನ್ನು ಮುಟ್ಟಲ್ಲ."

ಅಜ್ಜಿಯ ತಮ್ಮ ತೌಪುಲೆ ನಮ್ಮ ಮನೆತನದ ಮುಖಂಡ, ಊರ ಸಭೆಯ ಭಾಷಣಕಾರ. ಕಂಬಕ್ಕೊರಗಿ ಚಾಪೆಯ ಮೇಲೆ ಕೂತಿದ್ದ.

"ನಾನು ಮೊದ್ಲೇ ಹೇಳ್ಲಿಲ್ವಾ ಅಕ್ಕ? ನೋವಿಲ್ಲದ ಕಾಯಿಲೆಗೆ ಮದ್ದು ಅಂದ್ರೆ ಮೀನಿಲ್ಲದ ನೀರಿಗೆ ಬಲೆ."

"ಇದು ಹೇಳಿ ಬರೋ ಕಾಯಿಲೆ ಅಲ್ಲ ಮಾಮ. ಸುಮ್ನಿದ್ದು ಒಂದಿನ ಲಕ್ವ ಹೊಡೆಸುತ್ತೆ," ಎಂದಳು ಲಗಿಮಾಯಿ. "ಅಜ್ಜಿ, ಒಂದ್ಸಲ ನನ್ನೆದುರು ಅಳೆದು ತೋರ್ಸಿ."

ಅಜ್ಜಿ ಕೂತಲ್ಲೇ ಚಕ್ಕಳಮಕ್ಕಳ ಹಾಕಿ, ಬೆನ್ನು ಬಗ್ಗಿಸಿ, ಯಂತ್ರದ ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಇಳಿಬಿಟ್ಟಳು. ಯಂತ್ರ ಗುರ್ ಎನ್ನುವಾಗಲೂ ಕೆಸುವಿನ ತೋಟಕ್ಕೆ ನುಗ್ಗಿದ ಹಂದಿಯನ್ನು ಬೈಯುತ್ತಲೇ ಇದ್ದಳು. ನೂರಾ ಅರವತ್ತನಾಲ್ಕು.

"ಕುರ್ಚಿ ಮೇಲೆ ಕೂರಿ ಅಂದಿದ್ನಲ್ಲ ಅಜ್ಜಿ."

"ಮುಖಂಡ ಚಾಪೆ ಮೇಲಿರೋವಾಗ ನಾನು ಅವನ ತಲೆ ಮೇಲೆ ಕೂರ್ಲಾ? ನಮ್ಮಮ್ಮ ಹಾಗೆ ಬೆಳೆಸಿಲ್ಲ."

ಮುಖಂಡನನ್ನು ಏಳು ಎನ್ನುವ ಅಧಿಕಾರ ಲಗಿಮಾಯಿಗೂ ಇರಲಿಲ್ಲ. ಆದರೂ ಮೆಲ್ಲಗೆ ಹೇಳಿದಳು: "ಕಾಲು ಮಡಚಿದ್ರೆ, ಕೈ ಕೆಳಗಿದ್ರೆ, ಮಾತಾಡ್ತಿದ್ರೆ ಅಂಕಿ ಸುಳ್ಳೇ ಸುಳ್ಳು ಏರುತ್ತೆ. ಆ ಸುಳ್ಳು ನಂಬಿ ಅಜ್ಜಿ ಮಾತ್ರೆ ಬಿಟ್ರೆ, ಆಮೇಲೆ ಏರೋದು ನಿಜವಾದ ಒತ್ತಡ."

ತೌಪುಲೆ ಅಕ್ಕನ ಮುಖ ನೋಡಿದ. ಎದ್ದು ಹೋಗಿ ಎರಡು ಕುರ್ಚಿ ಎಳೆದು ತಂದ. "ನೀನು ಕೂತ್ರೆ ನಾನೂ ಕೂರ್ತೀನಿ. ಸಮ ಆಯ್ತಲ್ಲ?"

"ಇನ್ನು ಐದು ನಿಮಿಷ ಮಾತಾಡ್ಬಾರ್ದು," ಎಂದಳು ಲಗಿಮಾಯಿ.

"ನಾನೂನಾ?"

"ಮುಖ್ಯವಾಗಿ ನೀವೇ ಮಾಮ."

ಮಾತಿಗೆ ನಿಂತರೆ ಸೂರ್ಯನನ್ನೇ ಮುಳುಗಿಸುವವನು ಬಾಯಿ ಮುಚ್ಚಿ ಕೂತ. ಅಜ್ಜಿ ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಎದೆಯ ಮಟ್ಟಕ್ಕೆ ಬರುವಂತೆ ಕೈಯನ್ನು ಮೇಜಿನ ಮೇಲಿಟ್ಟಳು. ನೂರಾ ನಲವತ್ತು. ಒಂದು ನಿಮಿಷ ಬಿಟ್ಟು ಮತ್ತೆ, ನೂರಾ ಮೂವತ್ತಾರು.

"ಮಾತ್ರೆ ಕೆಲಸ ಮಾಡ್ತಿದೆ ಅಜ್ಜಿ. ಇವತ್ತಿಂದ ಹೀಗೇ ಏಳು ದಿನ ಬರೆದಿಡಿ, ಯಂತ್ರ ಅಲ್ಲೀವರೆಗೂ ಇಲ್ಲೇ ಇರ್ಲಿ. ಮಾತ್ರೆ ಹೆಚ್ಚಿಸೋದು, ಕಮ್ಮಿ ಮಾಡೋದು ಡಾಕ್ಟರಿಗೆ ಬಿಡಿ."

ಅಜ್ಜಿ ಡಬ್ಬಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

"ನಂಗೂ ಕಟ್ಟು," ಎಂದ ತೌಪುಲೆ. "ಇಷ್ಟೊತ್ತು ಸುಮ್ನಿದ್ದಿದ್ದು ದಂಡ ಆಗ್ಬಾರ್ದು."

ಅವನದು ನೂರಾ ಐವತ್ತೆಂಟು. ಎರಡನೇ ಸಲವೂ ಅಷ್ಟೇ. ಆಸ್ಪತ್ರೆಗೆ ಬಸ್ಸು ಎಷ್ಟೊತ್ತಿಗೆ ಎಂದು ಅವನೇ ಕೇಳಿದ. ಏಳು ದಿನ ಮುಗಿದ ಮೇಲಿನ ಸೋಮವಾರ ಅಕ್ಕ ತಮ್ಮ ಒಂದೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದರು.

ಇದನ್ನು ಓದುವ ಅಕ್ಕಂದಿರೇ, ಅಣ್ಣಂದಿರೇ, ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ ಕುರ್ಚಿಯಲ್ಲಿ ಕೂತು ಅಳೆದುಕೊಳ್ಳಿ. ಮೂತ್ರಕ್ಕೆ ಹೋಗಿ ಬನ್ನಿ, ಕೆಲಸ ಮತ್ತು ಕಾಫಿ ಮುಗಿದು ಅರ್ಧ ಗಂಟೆ ಆಗಿರಲಿ, ಪಟ್ಟಿ ಬರಿ ತೋಳಿಗೇ ಇರಲಿ. ಪ್ರತಿ ಸಲವೂ ಎರಡೆರಡು ಬಾರಿ ಅಳೆದು ಬರೆದಿಡಿ. ಮೇಲಿನ ಅಂಕಿ ನೂರಾ ಎಂಬತ್ತು ದಾಟಿದರೆ ಐದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ, ಇಳಿಯದಿದ್ದರೆ ಅಂದೇ ನರ್ಸಿಗೆ ತಿಳಿಸಿ. ಅಂಕಿ ಎಷ್ಟೇ ಇರಲಿ, ಎದೆನೋವು ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಕಾಯಬೇಡಿ, ಆಸ್ಪತ್ರೆಗೆ ಓಡಿ. ಉಳಿದ ದಿನಗಳಲ್ಲಿ ಐದೇ ನಿಮಿಷ ಸುಮ್ಮನೆ ಕೂರಿ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ಒಂದು ಕುರ್ಚಿ ಹಾಕಿ.