ಹುಲ್ಲುಮುಖದವರು ಮತ್ತು ಟಾರ್ಪಿಯ ಗೇಟು

ಓಟ್ಸ್ ಹುಲ್ಲಿನ ಮುಖವಾಡವನ್ನು ನನ್ನ ಹಾಗೆ ಹೆಣೆಯುವವರು ಇಡೀ ಮಾಯೋ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಒಂದು ವರ್ಷ ನಾನು ಹೆಣೆದದ್ದನ್ನು ಹಾಕಿಕೊಂಡ ನನ್ನ ಗಂಡನನ್ನು ಅವನ ನಾಯಿಯೇ ಪಕ್ಕದ ಜಿಲ್ಲೆಯವರೆಗೆ ಅಟ್ಟಿಸಿಕೊಂಡು ಹೋಗಿತ್ತು. ಅವನು ಮನೆಗೆ ಮರಳುವಷ್ಟರಲ್ಲಿ ಆಲೂಗೆಡ್ಡೆ ಮೊಳಕೆ ಬಿಟ್ಟಿತ್ತು. ಹಾಗಾಗಿ ಈ ಹ್ಯಾಲೋವೀನ್ ಸಂಜೆ ಅವನನ್ನು ಮನೆಯಲ್ಲಿ ಕೂರಿಸಿ, ಅವನ ಪ್ಯಾಂಟು ಏರಿಸಿಕೊಂಡು ನಾನೇ ಹೊರಟೆ. ಹೆಂಗಸು ಗಂಡಸಾಗಿ, ಆಳು ಒಡೆಯನಾಗಿ ತಿರುಗುವುದಕ್ಕೆ ನಮಗಿರುವುದು ಅದೊಂದೇ ಸಂಜೆ. ದನಿಯ ಗುರುತು ಸಿಗಬಾರದೆಂದು ಉಸಿರನ್ನು ಒಳಗೆಳೆದುಕೊಳ್ಳುತ್ತಲೇ ಮಾತಾಡುತ್ತೇವೆ. ಯಾರಾದರೂ ಹೆಸರು ಸರಿಯಾಗಿ ಊಹಿಸಿದರೆ ಮುಖ ತೋರಿಸಲೇಬೇಕು. ಊಹಿಸದಿದ್ದರೆ ಆಯಿತು, ಅಂದು ನಡೆದದ್ದನ್ನು ಪೊಲೀಸರೂ ಕೇಳುವುದಿಲ್ಲ, ಪಾದ್ರಿಯೂ ಕೇಳುವುದಿಲ್ಲ. ಮುಖವಾಡ ಹಾಕಿದವನಂತೂ ಆಮೇಲೆ ಬಾಯಿಬಿಟ್ಟು ದೂರುವಂತೆಯೇ ಇಲ್ಲ.

ನಮಗೆ ಬೇಕಾಗಿದ್ದದ್ದು ಮಲಾಕಿ ಟಾರ್ಪಿಯ ಗೇಟು. ಆ ಬೇಸಿಗೆಯಲ್ಲಿ ಅವನು ಒರತೆಬಾವಿಯ ಹಾದಿಗೆ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿದಿದ್ದ. ವಿಧವೆ ಡೀಲಿಯಾ ಅಜ್ಜಿ, ಸೊಂಟ ಮುರಿದವಳು, ಬಕೆಟ್ಟು ಹಿಡಿದು ಜೌಗು ಸುತ್ತಿಕೊಂಡು ಹೋಗಬೇಕಾಯಿತು. ಎರಡು ಸಲ ಕೆಸರಿನಲ್ಲಿ ಸೊಂಟದವರೆಗೆ ಹೂತಿದ್ದಳು. ಚಳಿಗಾಲ ಬಂದರೆ ಅವಳು ಆ ಕೆಸರಿನಲ್ಲೇ ಹೂತು ಸಾಯುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು. ಅವಳಿಗಾಗಿ ಗೇಟು ತೆಗೆಯಲು ಹೋದ ಟಾರ್ಪಿಯ ಆಳು ಫೆಸ್ಟಿಯ ಬಲಗೈ ಬೆರಳುಗಳನ್ನು ಒಡೆಯ ಗುದ್ದಲಿಯಿಂದ ಜಜ್ಜಿ ಹಾಕಿದ್ದ. ಹ್ಯಾಲೋವೀನ್‌ನಲ್ಲಿ ಗೇಟು ಕಿತ್ತು ಎಸೆಯುವುದು ಎಲ್ಲರ ಹಕ್ಕು. ಆದರೆ ಟಾರ್ಪಿ ಎಂಥವನೆಂದರೆ ಮರುದಿನವೇ ಅದನ್ನು ಹುಡುಕಿ ತಂದು ನೆಡುವವನು.

ಹೊತ್ತು ಮುಳುಗುವಾಗ ನಾವೊಂದು ಡಜನ್ ಹುಲ್ಲುಮುಖಗಳು ಗೇಟಿಗೆ ಕೈ ಹಾಕಿದೆವು. ನಮ್ಮೊಳಗೇ ನಿಂತಿದ್ದ ಒಬ್ಬ ದಪ್ಪ ಹುಲ್ಲುಮುಖ ಮಾತಿಲ್ಲದೆ ಮುಳ್ಳುಮರದ ದೊಣ್ಣೆ ಎತ್ತಿ ನಮ್ಮ ಜೊತೆ ಬಂದಿದ್ದ ಫೆಸ್ಟಿಯ ಬಲ ಹೆಗಲಿಗೆ ಬಾರಿಸಿದ. ಮೂಳೆ ಲಟಕ್ಕೆಂದದ್ದು ಡಬ್ಲಿನ್ನಿಗೂ ಕೇಳಿಸಿರಬೇಕು.

"ಸರೋವರದಾಚೆ ದಡದೋನು ಕಣ್ರೋ, ಜಗಳಕ್ಕೇ ಬಂದವ್ನೆ," ಅಂದೆ ಉಸಿರೆಳೆದುಕೊಂಡು.

ಆಮೇಲೆ ನೋಡಿ. ನನ್ನ ಮೊದಲ ಏಟಿಗೆ ಅವನ ಹಲ್ಲು ಹಾರಿ ಬೇಲಿಯಲ್ಲಿದ್ದ ಕಾಗೆಗೆ ಬಡಿಯಿತು, ಕಾಗೆ ಸತ್ತಿತು. ಎರಡನೆಯದಕ್ಕೆ ಪಕ್ಕೆಲುಬು ಮುರಿಯಿತು. ಫೆಸ್ಟಿ ಎಡಗೈಯಲ್ಲಿ ಕಲ್ಲು ಹಿಡಿದು ಅವನ ಮೇಲೆ ಕೂತ. ಹುಲ್ಲಿನ ಸಂದಿಯಿಂದ ರಕ್ತ ಒಸರತೊಡಗಿತು.

"ಬಿಡ್ರೋ. ನಾನು ಟಾರ್ಪಿ. ಇದು ನನ್ ಗೇಟು," ಎಂದು ಅವನು ಕೂಗಿದ.

ನಾವು ಬಿದ್ದು ಬಿದ್ದು ನಕ್ಕೆವು. ಆ ಸಂಜೆ ಊರಿನ ಹುಡುಗರೆಲ್ಲ ಟಾರ್ಪಿಯ ದನಿಯನ್ನು ಅಣಕಿಸುವವರೇ. ಮುಖವಾಡದೊಳಗೆ ಸ್ವಂತ ದನಿಯಲ್ಲಿ ಮಾತಾಡುವ ಪೆದ್ದ ನಮ್ಮಲ್ಲಿ ಯಾರೂ ಇಲ್ಲ.

"ಎಷ್ಟು ಚೆನ್ನಾಗ್ ಮಾಡ್ತಾನೆ ನೋಡು ಮಗಾ. ಅದೇ ಮೂಗು ದನಿ," ಅಂದೆ.

"ಚೆನ್ನಾಗ್ ಮಾಡಿದ್ದಕ್ಕೆ ಇನ್ನೊಂದು," ಎಂದು ಫೆಸ್ಟಿ ಕಲ್ಲಿನಿಂದ ಕುಟ್ಟಿದ. ದಪ್ಪ ಹುಲ್ಲುಮುಖ ಕೂಗಿದಷ್ಟೂ ನಾವು ಮೆಚ್ಚಿದೆವು, ಮೆಚ್ಚಿದಷ್ಟೂ ಹೊಡೆದೆವು. ಕೊನೆಗೆ ಅವನು ಕೂಗುವುದನ್ನು ಬಿಟ್ಟ. ಆಗ ನಮಗೆ ಹೆದರಿಕೆಯಾಯಿತು. ಕೊಲೆಯಾದರೆ ಹ್ಯಾಲೋವೀನ್ ಕೂಡ ನಮ್ಮನ್ನು ಕಾಪಾಡುವುದಿಲ್ಲ.

ಕೈಕಾಲು ಹಿಡಿದು ಹತ್ತಿರದ ಡೀಲಿಯಾ ಅಜ್ಜಿಯ ಮನೆಗೆ ಒಯ್ದೆವು. ಮೇಜಿನ ಮೇಲೆ ಸೇಬು, ದ್ರಾಕ್ಷಿ ಬ್ರೆಡ್ಡು ಹರಡಿದ್ದ ಅಜ್ಜಿ ಅವನನ್ನು ಬೆಂಕಿಯ ಪಕ್ಕ ಕೂರಿಸಿದಳು. ಮುಖವಾಡಕ್ಕೆ ಕೈ ಹಚ್ಚಲಿಲ್ಲ. ಹುಲ್ಲಿನ ಮೇಲೆಯೇ ಒದ್ದೆ ಬಟ್ಟೆ ಒತ್ತಿದಳು. ಅವನ ಬೂಟುಗಳನ್ನು ನೋಡಿದಳು. ಆ ಬೂಟು ಇಡೀ ಊರಿನಲ್ಲಿ ಒಬ್ಬನದೇ. ಗೇಟು ಕಾಯಲು ಮುಖವಾಡ ಹಾಕಿ ನಮ್ಮೊಳಗೆ ನುಸುಳಿದ್ದವನು ನಿಜವಾಗಿಯೂ ಟಾರ್ಪಿಯೇ. ಫೆಸ್ಟಿಯ ಕೈಯಿಂದ ಕಲ್ಲು ಬಿತ್ತು.

"ನೀರು ಕೆಸರಾಗಿದೆ, ಬೇಜಾರ್ ಮಾಡ್ಕೋಬೇಡ ಕಂದಾ," ಅಂದಳು ಅಜ್ಜಿ. "ಜೌಗಿನ ನೀರು. ಒಳ್ಳೇ ನೀರಿಗೆ ಹಾದಿ ಇಲ್ಲ."

ಅವನು ಬೂಟುಗಳನ್ನು ಕುರ್ಚಿಯಡಿಗೆ ಎಳೆದುಕೊಂಡ.

"ಈಗ ಹೆಸ್ರು ಊಹೆ ಮಾಡ್ಲಾ? ಸರಿಯಾದ್ರೆ ಮುಖ ತೋರಿಸ್ಬೇಕು. ಇಷ್ಟು ಜನರ ಮುಂದೆ. ತನ್ನ ಆಳಿನ ಕೈಲೇ ಒದೆ ತಿಂದೋನ ಮುಖ ನಾನೂ ನೋಡಿಲ್ಲ."

ಹುಲ್ಲುಮುಖ ಇಲ್ಲವೆಂದು ಅಲ್ಲಾಡಿತು.

"ಹಂಗಾದ್ರೆ ನೀನು ನಮ್ ಹುಡುಗ್ರಲ್ಲೇ ಒಬ್ಬ. ಗೇಟಿನ್ನೂ ನಿಂತಿದೆ, ಹುಡುಗರಿಗೆ ಕೈ ಸಾಲದು. ಏಳಪ್ಪಾ, ಹೊರು ನಡಿ."

ಕಿತ್ತವರಲ್ಲಿ ತಾನೂ ಒಬ್ಬನಾದವನು ನಾಳೆ ಕಿತ್ತದ್ದನ್ನು ಯಾವ ಬಾಯಿಂದ ಕೇಳುತ್ತಾನೆ? ಅವನಿಗೂ ಅದು ಅರ್ಥವಾಯಿತು. ಆದರೂ ಕೂತಲ್ಲಿಂದ ಏಳಲಿಲ್ಲ. ಅಜ್ಜಿ ಬಾಯಿ ತೆರೆದಳು, ಅವನ ಹೆಸರಿನ ಮೊದಲಕ್ಷರ ತುಟಿಗೆ ಬಂತು. ಅವನು ಎದ್ದ.

ಕಿತ್ತ ಗೇಟಿನ ತೂಕ ಹನ್ನೆರಡು ಹಸುಗಳಷ್ಟಿತ್ತು. ಹತ್ತು ಹಸುಗಳಷ್ಟನ್ನು ನಾನೊಬ್ಬಳೇ ಹೊತ್ತೆ. ಆ ಕಡೆ ಮುರಿದ ಪಕ್ಕೆಯ ಅವನು, ಈ ಕಡೆ ಮುರಿದ ಹೆಗಲಿನ ಫೆಸ್ಟಿ. ಪ್ರತಿ ಹೆಜ್ಜೆಗೂ ಇಬ್ಬರೂ ನರಳಿದರು, ಒಬ್ಬರನ್ನೊಬ್ಬರು ನೋಡಲಿಲ್ಲ. ಸರೋವರದ ದಡದಲ್ಲಿ ನಾವು ಇನ್ನೇನು ಎಸೆಯಬೇಕು, ಅಷ್ಟರಲ್ಲಿ ಅವನು ಮೊದಲ ಬಾರಿಗೆ ಸರಿಯಾಗಿ ಉಸಿರು ಒಳಗೆಳೆದುಕೊಂಡು, ಯಾರದೂ ಅಲ್ಲದ ದನಿಯಲ್ಲಿ ಹೇಳಿದ:

"ಇಲ್ಲಿ ಬೇಡ. ನೀರು ಕಮ್ಮಿ, ಬೆಳಗ್ಗೆ ಕಾಣ್ಸುತ್ತೆ. ಬಂಡೆ ಹತ್ತಿರ ನಡೀರಿ, ಅಲ್ಲಿ ಆಳ."